ಎಲ್ಲೈತೆ, ತೋರ್ಸು

ಕನ್ನಡ ಮಾಧ್ಯಮದಲ್ಲಿ ಓದಿದ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ ಕೇಳಿ, ‘ಆಯ್ಕೆ, ಸಂದರ್ಭ, ಸ್ವಾರಸ್ಯ’ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಪಾಠದ ಒಂದು ಸಾಲು ಕೊಟ್ಟಿರುತ್ತಾರೆ. ಅದು ಯಾವ ಪಾಠದ್ದು, ಯಾರು ಯಾರಿಗೆ ಯಾವಾಗ ಹೇಳಿದ್ದು, ಅದರ ಸ್ವಾರಸ್ಯವೇನು ಎಂದು ಬರೆಯಬೇಕು. ಮೊದಲ ಎರಡಕ್ಕೆ ಬಾಯಿಪಾಠ ಸಾಕು. ಸ್ವಾರಸ್ಯ ಮಾತ್ರ ಓದಿದವನ ತಲೆಯಿಂದಲೇ ಬರಬೇಕಾದದ್ದು. ಅದಕ್ಕೂ ಗೈಡಿನವರು ಸುಲಭದ ದಾರಿ ಮಾಡಿಕೊಟ್ಟಿದ್ದರು: ‘ಎಂಬುದು ಇಲ್ಲಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’. ಈ ಬಾಲದ ಹಿಂದೆ ತಾಯಿಯ ಮಮತೆ, ಸ್ನೇಹದ ಹಿರಿಮೆ, ದೇಶಪ್ರೇಮ, ಏನು ಸಿಕ್ಕಿಸಿದರೂ ಅಂಕ ಬೀಳುತ್ತಿತ್ತು. ಬಾಣಸಂದ್ರದ ಕಡೆಯ ನಮ್ಮ ಹೈಸ್ಕೂಲಿನಿಂದ ನಾವೆಲ್ಲ ಹೀಗೇ ಬರೆದು, ಒಳ್ಳೆ ಅಂಕ ತೆಗೆದು, ತಿಪಟೂರಿನ ಕಾಲೇಜು ಸೇರಿದೆವು.

ಅಲ್ಲಿ ಕನ್ನಡ ಮೇಷ್ಟ್ರು ಈ ಬಾಲವನ್ನು ಮೊದಲ ವಾರವೇ ಕತ್ತರಿಸಿ ಹಾಕಿದರು. ಅವರಿಗೆ ಬೇಕಿದ್ದದ್ದು ಒಂದೇ. ನೀನು ಏನನ್ನೇ ಹೇಳು, ಅದಕ್ಕೆ ಆಧಾರವಾಗಿ ಪುಸ್ತಕದ ಒಂದು ಜಾಗದ ಮೇಲೆ ಬೆರಳಿಡು. ‘ಆಧಾರ’, ‘ಸಾಕ್ಷ್ಯ’ ಎಂಬ ದೊಡ್ಡ ಮಾತು ಅವರ ಬಾಯಲ್ಲಿ ಬರುತ್ತಿದ್ದದ್ದು ಅಪರೂಪ. “ಎಲ್ಲೈತೆ, ತೋರ್ಸು” ಎನ್ನುತ್ತಿದ್ದರು. ತರಗತಿಯಲ್ಲಿ ಗ್ರಾಂಥಿಕ ಕನ್ನಡದಲ್ಲೇ ಪಾಠ ಮಾಡುತ್ತಿದ್ದ ಮನುಷ್ಯ, ಈ ಪ್ರಶ್ನೆಗೆ ಮಾತ್ರ ಊರ ಮಾತಿಗೆ ಇಳಿದುಬಿಡುತ್ತಿದ್ದರು.

ನಮಗೆ ಪಠ್ಯವಾಗಿದ್ದದ್ದು ರನ್ನನ ಗದಾಯುದ್ಧ, ತೀ.ನಂ.ಶ್ರೀಕಂಠಯ್ಯನವರು ಸಿದ್ಧಪಡಿಸಿದ ಸಂಗ್ರಹ. ತೀ.ನಂ.ಶ್ರೀ. ಹುಟ್ಟಿದ್ದು 1906ರಲ್ಲಿ. ಅವರ ಹೆಸರಿನ ಮೊದಲಕ್ಷರ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ್ದು. “ನಿಮ್ಮ ತೋಟದ ಬೇಲಿ ಆಚೆಯೋರು ಕಣ್ರಪ್ಪ, ಮೈಸೂರಿನೋರು ಅಂದ್ಕಂಡೀರಿ” ಎಂದು ಮೇಷ್ಟ್ರು ಪುಸ್ತಕದ ಮುಖಪುಟ ತಟ್ಟಿ ಹೇಳುತ್ತಿದ್ದರು. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗರು ಆಗ ಸ್ವಲ್ಪ ಎದೆಯುಬ್ಬಿಸಿ ಕೂರುತ್ತಿದ್ದರು.

ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕುಳಿತಿದ್ದಾನೆ. ದಂಡೆಯ ಮೇಲೆ ನಿಂತು ಭೀಮ ಆರ್ಭಟಿಸುತ್ತಾನೆ. ಆ ಸದ್ದು ಕೇಳಿ ಹಾವಿನ ಬಾವುಟದವನು ನೀರಿನ ಒಳಗಿದ್ದೂ ಬೆವೆತುಹೋಗುತ್ತಾನೆ. ಕನ್ನಡ ಬಲ್ಲವರಿಗೆಲ್ಲ ಗೊತ್ತಿರುವ ಪದ್ಯ, ಇಲ್ಲಿ ಎತ್ತಿ ಬರೆಯಬೇಕಿಲ್ಲ. ಮೇಷ್ಟ್ರು ಪದ್ಯ ಓದಿ, ಯಾಕೆ ಬೆವೆತ ಎಂದು ಕೇಳಿದರು. ಹುಳಿಯಾರಿನ ಕಡೆಯ ನನ್ನ ಗೆಳೆಯ ತಟ್ಟನೆ ಎದ್ದುನಿಂತ.

“ಹೆದರಿದಾನೆ ಸಾರ್.”

“ಸರಿ. ಹೆದ್ರಿಕೆ ಅಂತ ಎಲ್ಲೈತೆ, ತೋರ್ಸು.”

“ಬೆವರಿರೋದೇ ಸಾಕ್ಷಿ ಅಲ್ವಾ ಸಾರ್?”

“ಬೆವರಿರೋದು ಬೆವರಿರೋದಕ್ಕೆ ಸಾಕ್ಷಿ. ಜ್ವರ ಬಿಟ್ಟೋನೂ ಬೆವರ್ತಾನೆ, ಹೊಲ ಉತ್ತೋನೂ ಬೆವರ್ತಾನೆ. ಇದು ಯಾವ ಬೆವರು?”

ತರಗತಿ ಪುಸ್ತಕದ ಮೇಲೆ ಬಗ್ಗಿತು. ಆ ಪದ್ಯವನ್ನು ನಾವು ಅಷ್ಟು ನಿಧಾನವಾಗಿ ಓದಿದ್ದು ಅದೇ ಮೊದಲು. ಅಲ್ಲಿಯವರೆಗೆ ನೀರು, ಬೆವರು ಎಂಬ ಎರಡು ಮಾತಿನ ಚಮತ್ಕಾರಕ್ಕೇ ಮರುಳಾಗಿ ಉಳಿದದ್ದನ್ನು ದಾಟಿಬಿಟ್ಟಿದ್ದೆವು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸಮಾಸ ಬಿಡಿಸಿ ಹೇಳಿದಳು: “ಕಣ್ಣು ಕೆಂಪಾಗಿದೆ ಸಾರ್. ಕೋಪಕ್ಕೆ ಅಂತ ಕವೀನೇ ಹೇಳಿದಾನೆ.” ಬೆವರಿನ ಕಾರಣ ಬೆವರಿನ ಪಕ್ಕದಲ್ಲೇ ಇತ್ತು. ನೀರೂ ಆರಿಸಲಾಗದಷ್ಟು ಕಾವು, ಸಿಟ್ಟಿನದು.

ಗೆಳೆಯ ಸುಮ್ಮನಾಗುವ ಆಸಾಮಿಯಲ್ಲ. ಕೊಳದಲ್ಲಿ ಬಚ್ಚಿಟ್ಟುಕೊಂಡವನು ಹೆದರಿರಲೇಬೇಕು ಎಂದು ವಾದ ಹೂಡಿದ. ಮೇಷ್ಟ್ರಿಗೆ ಖುಷಿಯಾಯಿತು. ಪುಟ ಹಿಂದಕ್ಕೆ ತಿರುವಿಸಿದರು. ದುರ್ಯೋಧನ ಅಲ್ಲಿಗೆ ಬಂದದ್ದು ಯಾರ ಮಾತಿಗೆ? ಶರಶಯ್ಯೆಯಲ್ಲಿದ್ದ ಭೀಷ್ಮನ ಮಾತಿಗೆ. ಬಲರಾಮ ಬಂದು ಕೂಡಿಕೊಳ್ಳುವವರೆಗೆ ಕಾಯಿ ಎಂದು ಅಜ್ಜ ಹೇಳಿದ್ದ, ನೀರೊಳಗಿರುವ ಮಂತ್ರವನ್ನೂ ಕೊಟ್ಟಿದ್ದ. ಬಚ್ಚಿಟ್ಟುಕೊಂಡದ್ದರಿಂದ ಭಯ ಎಂದು ಊಹಿಸುವುದಕ್ಕೆ ಮೊದಲು ಬಚ್ಚಿಟ್ಟುಕೊಂಡದ್ದು ಯಾಕೆ ಎಂಬುದನ್ನು ಓದಿರಬೇಕು. ಗೆಳೆಯ ಕೊನೆಯ ಬಾಣ ಬಿಟ್ಟ: “ಕೋಪದ ಜತೆಗೆ ಸ್ವಲ್ಪ ಭಯವೂ ಇರಬಾರದಾ ಸಾರ್?”

“ಇರಬಹುದಪ್ಪ. ಅದಕ್ಕೂ ಒಂದು ಸಾಲು ತಗಂಬಾ. ತರೋತನಕ ಕೋಪ ಅಂತ ಇಟ್ಕಳಣ.”

ಆ ‘ತರೋತನಕ’ ಎಂಬ ಮಾತು ನನಗೆ ತುಂಬಾ ಹಿಡಿಸಿತು. ಗೆಳೆಯನ ಊಹೆಯನ್ನು ಅವರು ತಪ್ಪು ಎನ್ನಲಿಲ್ಲ, ಬಾಕಿ ಇಟ್ಟರು.

ಇದೇ ಕೆಲಸ ನಮ್ಮ ಮನೆಯ ಅಟ್ಟದ ಮೇಲೆ ಬೇರೆ ರೀತಿಯಲ್ಲಿ ನಡೆಯುತ್ತಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಉಂಡೆ ಕೊಬ್ಬರಿಯ ವಿಚಾರ ಹೇಳಿಕೊಡಬೇಕಿಲ್ಲ. ಬೇರೆಯವರಿಗಾಗಿ ಎರಡು ಮಾತು. ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಒಣಗುತ್ತದೆ, ಚಿಪ್ಪಿನಿಂದ ಬಿಟ್ಟುಕೊಂಡು ಇಡಿಯಾಗಿ ಒಂದು ಉಂಡೆಯಾಗುತ್ತದೆ. ಅದು ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ. ಹಸಿ ಇರುವಾಗಲೇ ಒಡೆದರೆ ಆ ಕಾಯಿ ಸಾರಿಗೆ ಬಂತೇ ಹೊರತು ಕೊಬ್ಬರಿಗೆ ಬರಲಿಲ್ಲ.

ಹಾಗಾಗಿ ತಾತ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಗುಳುಗುಳು ಎಂದರೆ ನೀರು ಇನ್ನೂ ಇದೆ, ಅಟ್ಟಕ್ಕೇ ವಾಪಸು. ಲೊಟಲೊಟ ಎಂದರೆ ಉಂಡೆ ಬಿಟ್ಟುಕೊಂಡಿದೆ, ಸುಲಿಯಲು ಕೆಳಕ್ಕೆ. ಕಷ್ಟ ಬರುತ್ತಿದ್ದದ್ದು ಸದ್ದೇ ಮಾಡದ ಕಾಯಿಯಿಂದ. ನೀರು ಇಂಗಿ, ತಿರುಳು ಇನ್ನೂ ಚಿಪ್ಪಿಗೆ ಕಚ್ಚಿಕೊಂಡಿರಬಹುದು. ಇಲ್ಲವೇ ಒಳಗೆ ಕೆಟ್ಟಿರಬಹುದು. ಎರಡಕ್ಕೂ ಮೌನವೇ ಗುರುತು. ಅಂಥದ್ದನ್ನು ತಾತ ಅಂಗೈಯಲ್ಲಿ ತೂಗಿ, ತೊಟ್ಟಿನ ಕಡೆ ಮೂಸಿ, ಒಂದು ಮೂಲೆಗೆ ಬೇರೆ ಇಡುತ್ತಿದ್ದರು. ಕೆಲವು ವಾರ ಬಿಟ್ಟು ಮತ್ತೆ ಕಿವಿಗೆ. ಕೆಳಗೆ ಬುಟ್ಟಿ ಹಿಡಿದು ನಿಂತ ನನಗೆ ತಾಳ್ಮೆ ತಪ್ಪುತ್ತಿತ್ತು. “ಕೆಟ್ಟೈತೆ ಅನ್ಸಿದ್ರೆ ಎಸ್ದುಬಿಡು ತಾತ” ಎಂದರೆ, “ಅನ್ಸಿದ್ದನ್ನೆಲ್ಲ ಎಸೀತಾ ಹೋದ್ರೆ ಅಟ್ಟ ಖಾಲಿ ಆಗ್ತೈತೆ, ಹಿಡಕಳ್ಲಾ” ಎನ್ನುತ್ತಿದ್ದರು.

ತಾತ ಪತ್ರಿಕೆ ಓದುತ್ತಿದ್ದದ್ದೂ ಹೀಗೆಯೇ. ಪೇಟೆ ಧಾರಣೆಯ ಅಂಕಣದಲ್ಲಿ ತಿಪಟೂರು ಕೊಬ್ಬರಿಯ ಬೆಲೆ ಏರಿದ್ದರೆ ಊರಿಗೆ ಊರೇ ಅರಳಿಕಟ್ಟೆಯಲ್ಲಿ ಸೇರುತ್ತಿತ್ತು. ಎಲ್ಲರ ಬಾಯಲ್ಲೂ ಗರಿಷ್ಠ ಬೆಲೆಯೇ. ತಾತ ಕನ್ನಡಕ ಏರಿಸಿ ಕನಿಷ್ಠ ಎಷ್ಟು, ಆವಕ ಎಷ್ಟು ಎಂದು ನೋಡುತ್ತಿದ್ದರು. ಮಾಲು ಕಡಿಮೆ ಬಂದ ದಿನ ಒಂದು ಒಳ್ಳೆ ಲಾಟಿಗೆ ಸಿಕ್ಕ ಬೆಲೆಯನ್ನು ಹಿಡಿದು ಮಾರುಕಟ್ಟೆಯೇ ಏರಿದೆ ಎಂದು ಹೇಳಿ ಗಾಡಿ ಕಟ್ಟುವುದಕ್ಕೆ ಅವರು ಒಪ್ಪುತ್ತಿರಲಿಲ್ಲ. ಆವಕ ಜೋರಾಗಿದ್ದೂ ಬೆಲೆ ನಿಂತಿದ್ದರೆ ಮಾತ್ರ ಚೀಲ ಹೊಲಿಯಿರಿ ಎನ್ನುತ್ತಿದ್ದರು. ಈಗ ಬೆಲೆ ಮೊಬೈಲಿಗೇ ಬರುತ್ತದೆ. ಅರಳಿಕಟ್ಟೆಯವರು ವಾಟ್ಸಾಪ್ ಗುಂಪಿನಲ್ಲಿದ್ದಾರೆ, ಫಾರ್ವರ್ಡ್ ಆಗುವುದು ಇವತ್ತೂ ಗರಿಷ್ಠ ಬೆಲೆಯೊಂದೇ.

ಮೇಷ್ಟ್ರನ್ನೂ ತಾತನನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಇಬ್ಬರ ನಡುವೆ ದೊಡ್ಡ ವ್ಯತ್ಯಾಸವೊಂದಿದೆ. ಕಾಯಿ ಕೊನೆಗೆ ಒಡೆಯುತ್ತದೆ. ತಾತನ ಊಹೆ ಸರಿಯೋ ತಪ್ಪೋ ಸಂಜೆಯೊಳಗೆ ಅಂಗಳದಲ್ಲಿ ಬಿದ್ದಿರುತ್ತಿತ್ತು: ಬಿಳಿ ಉಂಡೆ, ಇಲ್ಲವೇ ಕೌಟು. ಪದ್ಯ ಯಾವತ್ತೂ ಹಾಗೆ ಒಡೆಯುವುದಿಲ್ಲ. ರನ್ನನನ್ನು ಕರೆದು ನಿಮ್ಮ ದುರ್ಯೋಧನ ಯಾಕೆ ಬೆವೆತ ಎಂದು ಕೇಳುವಂತಿಲ್ಲ. ಕೇಳಿದರೂ ಅವನು ಪದ್ಯವನ್ನೇ ಇನ್ನೊಮ್ಮೆ ಓದಿಯಾನು. ಒಡೆದು ನೋಡಲಾಗದ ಕಾರಣಕ್ಕೇ ಇಲ್ಲಿ ಬೆರಳಿಟ್ಟು ತೋರಿಸುವ ಶಿಸ್ತು ಬೇಕಾಗುತ್ತದೆ.

ಈ ವಿಷಯ ಹಳೆಯದು ಎಂದು ತಿಳಿದದ್ದು ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಮೇಷ್ಟ್ರು ಪಾಠ ಮಾಡುವಾಗ. ಧ್ವನಿಯ ಪ್ರಸ್ತಾಪ ಬಂದಾಗ ಅವರು ಪ್ರಾಕೃತದ ಒಂದು ಪ್ರಸಿದ್ಧ ಗಾಹೆಯ ಕತೆ ಹೇಳಿದರು. ಗೋದಾವರಿ ದಂಡೆಯ ಪೊದೆಯೊಂದರಲ್ಲಿ ಹೆಣ್ಣೊಬ್ಬಳು ತನ್ನ ನಲ್ಲನನ್ನು ಕಾಣುತ್ತಾಳೆ. ಧಾರ್ಮಿಕನೊಬ್ಬ ದಿನಾ ಅಲ್ಲಿಗೇ ಹೂ ಕೊಯ್ಯಲು ಬಂದು ಕೆಲಸ ಕೆಡಿಸುತ್ತಾನೆ. ಅವಳು ಅವನಿಗೆ ಹೇಳುತ್ತಾಳೆ: ಸ್ವಾಮಿ, ಇನ್ನು ನಿರಾಳವಾಗಿ ತಿರುಗಾಡಿ, ನಿಮ್ಮನ್ನು ಕಾಡುತ್ತಿದ್ದ ನಾಯಿಯನ್ನು ಈ ಪೊದೆಯಲ್ಲಿರುವ ಸಿಂಹ ಇವತ್ತು ಕೊಂದುಹಾಕಿತು. ಮಾತು ‘ಬನ್ನಿ’ ಎನ್ನುತ್ತದೆ. ಕೇಳಿದವನ ಕಾಲು ಮಾತ್ರ ಹಿಂದಕ್ಕೆ ಹೋಗುತ್ತದೆ.

9ನೇ ಶತಮಾನದ ಆನಂದವರ್ಧನ ಇದನ್ನು ಧ್ವನಿ ಎಂದ. ಶಬ್ದಕ್ಕೆ ತನ್ನ ನೇರ ಅರ್ಥವನ್ನು ಮೀರಿ ಇನ್ನೊಂದನ್ನು ಹೊಳೆಯಿಸುವ ಶಕ್ತಿಯಿದೆ ಎಂಬುದು ಅವನ ವಾದ. 11ನೇ ಶತಮಾನದ ಮಹಿಮಭಟ್ಟ ‘ವ್ಯಕ್ತಿವಿವೇಕ’ ಬರೆದು ಇದನ್ನು ಅಲ್ಲಗಳೆದ. ಹೊಸ ಶಕ್ತಿಯೇನೂ ಬೇಡ, ಇದು ಶುದ್ಧ ಅನುಮಾನ, ಹೊಗೆ ಕಂಡು ಬೆಂಕಿ ಊಹಿಸುವ ಹಾಗೆ. ಸಿಂಹವಿರುವ ಕಡೆಗೆ ಅಂಜುಬುರುಕ ಹೋಗುವುದಿಲ್ಲ, ಆದ್ದರಿಂದ ಹೋಗಬೇಡ ಎಂಬುದೇ ಅರ್ಥ ಎಂದ. ಮಮ್ಮಟ ಇದಕ್ಕೆ ಕೊಟ್ಟ ಉತ್ತರವೇ ನನಗೆ ಮೆಚ್ಚು. ಅಂಜುಬುರುಕನೂ ಗುರುವಿನ ಅಪ್ಪಣೆಯಾದರೆ ಹೋಗುತ್ತಾನೆ, ಪ್ರಿಯೆಯ ಮೇಲಿನ ಮೋಹಕ್ಕೂ ಹೋಗುತ್ತಾನೆ. ಅಷ್ಟಕ್ಕೂ ಅಲ್ಲಿ ಸಿಂಹವಿದೆ ಎಂದು ಕಂಡವರು ಯಾರು? ಅವಳ ಮಾತು ಬಿಟ್ಟರೆ ಬೇರೆ ಪ್ರಮಾಣವಿಲ್ಲ. ಅವಳಿಗೋ, ಹಾಗೆ ಹೇಳಲು ಕಾರಣವಿದೆ. “ಒಂದು ನಾಯಿ, ಒಂದು ಸಿಂಹಕ್ಕೆ ಕಾಶ್ಮೀರದ ಪಂಡಿತರು ಎಷ್ಟು ವರ್ಷ ಜಗಳ ಆಡವ್ರೆ ನೋಡ್ರಪ್ಪ” ಎಂದು ಮೇಷ್ಟ್ರು ನಕ್ಕರು. ನಾವೂ ನಕ್ಕೆವು. ಸಿಂಹ ಇದೆಯೇ ಎಂದು ಕೇಳಬೇಕೆಂಬುದು ಅಲ್ಲಿಯವರೆಗೆ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಕಾವ್ಯದ ಅರ್ಥಕ್ಕೆ ಹೊಗೆ-ಬೆಂಕಿಯಷ್ಟು ಗಟ್ಟಿ ಸಂಬಂಧ ಸಿಗುವುದಿಲ್ಲ ಎಂಬಲ್ಲಿ ನಾನು ಮಮ್ಮಟನ ಕಡೆ. ಹಾಗೆಂದು ಬಾಯಿಗೆ ಬಂದದ್ದೆಲ್ಲ ಧ್ವನಿಯಾಗುವುದಿಲ್ಲ. ಧ್ವನಿಯ ಹೆಸರಿನಲ್ಲಿ ನಡೆಯುವ ವಿಮರ್ಶೆಯ ಅರ್ಧಭಾಗವನ್ನು ಮಹಿಮಭಟ್ಟನ ಕೈಗೆ ಕೊಟ್ಟು ತಿದ್ದಿಸಬೇಕು ಎಂದು ಈಗಲೂ ಅನ್ನಿಸುತ್ತದೆ.

ಒಂದು ಭಾನುವಾರ ಪ್ಯಾಸೆಂಜರ್ ರೈಲಿನಲ್ಲಿ ಮೇಷ್ಟ್ರು ನಮ್ಮನ್ನು ಅರಳಗುಪ್ಪೆಗೆ ಕರೆದೊಯ್ದರು. 9ನೇ ಶತಮಾನದ ಕಲ್ಲೇಶ್ವರನ ಗುಡಿಯ ಒಳಮಾಳಿಗೆಯಲ್ಲಿ ಕುಣಿಯುವ ಶಿವ, ಸುತ್ತಲೂ ದಿಕ್ಪಾಲಕರು. ಕತ್ತು ನೋಯುವವರೆಗೆ ನೋಡಿದೆವು. ಅಲ್ಲಿಂದ ಹೊಯ್ಸಳರ ಕಾಲದ ಚೆನ್ನಕೇಶವನ ಗುಡಿಗೆ. ಜಗುಲಿಯ ಮೇಲಿದ್ದ ಊರ ಹಿರಿಯರೊಬ್ಬರು ಜಕಣಾಚಾರಿ ಕಟ್ಟಿದ್ದು ಎಂದರು. ತುಮಕೂರು ಸೀಮೆಯಲ್ಲಿ ಹಳೆಯ ಗುಡಿ ಯಾವುದಿದ್ದರೂ ಜಕಣಾಚಾರಿಯದೇ. ಅವನ ಕೈದಾಳ ಇಲ್ಲೇ ಗೂಳೂರಿನ ಪಕ್ಕದಲ್ಲಿದೆಯಲ್ಲ. ಮೇಷ್ಟ್ರು ಹಿರಿಯರ ಮಾತನ್ನು ಕೈಮುಗಿದು ಕೇಳಿಸಿಕೊಂಡರು. ಆಮೇಲೆ ನಮ್ಮನ್ನು ಪಕ್ಕಕ್ಕೆ ಕರೆದು, ಈ ಗುಡಿಗೆ ಹೊನ್ನೋಜನೆಂಬ ಶಿಲ್ಪಿಯ ಹೆಸರಿದೆ, ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ ಎಂದು ತಿಳಿಸಿದರು.

ಹಾಗಾದರೆ ಜಕಣಾಚಾರಿಯ ಕತೆ ಸುಳ್ಳಾ ಸಾರ್ ಎಂದು ಯಾರೋ ಕೇಳಿದರು. ಅವರು ಹೌದು ಎನ್ನಲಿಲ್ಲ. ಕತೆಯನ್ನೇ ಒಮ್ಮೆ ಹೇಳಿ ಎಂದರು. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಚಿಕ್ಕ ಹುಡುಗ ಡಂಕಣ ಹೇಳುತ್ತಾನೆ. ಜಕಣ ಒಪ್ಪುವುದಿಲ್ಲ, ದೋಷವಿದ್ದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎನ್ನುತ್ತಾನೆ. ಹುಡುಗ ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾನೆ. ಮೈಯೆಲ್ಲ ಗಂಧ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗೇ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟರೆ ನೀರಿನ ಜತೆ ಕಪ್ಪೆ ಹೊರಗೆ ಬರುತ್ತದೆ. “ನೋಡ್ರಿ” ಎಂದರು ಮೇಷ್ಟ್ರು, “ಕತೆಗೆ ಶಾಸನದ ಆಧಾರ ಸಿಕ್ಕಿಲ್ಲ. ಆದರೆ ಕತೆಯೊಳಗಿನ ಹುಡುಗ ಆಧಾರ ಇಲ್ಲದೆ ಬಾಯಿ ಬಿಟ್ಟಿಲ್ಲ. ಇದನ್ನ ಕಟ್ಟಿದ ಜನ ದಡ್ಡರಲ್ಲ ಕಣ್ರಪ್ಪ.”

ಮುಂದೆ ನಾನೂ ಮೇಷ್ಟ್ರಾದೆ, ಹೈಸ್ಕೂಲಿನಲ್ಲಿ. ಹತ್ತನೇ ತರಗತಿಯ ಕನ್ನಡ ಪುಸ್ತಕಕ್ಕೆ ಕುಮಾರವ್ಯಾಸನ ಕರ್ಣನ ಭಾಗ ಬಂದಿತ್ತು. ನೀನು ಪಾಂಡವರ ಅಣ್ಣ ಎಂದು ಕೃಷ್ಣ ಗುಟ್ಟು ಬಿಟ್ಟುಕೊಟ್ಟಾಗ ಕರ್ಣನ ಗಂಟಲು ಬಿಗಿದು ಕಣ್ಣೀರು ಬರುತ್ತದೆ. ಮೌಲ್ಯಮಾಪನಕ್ಕೆ ಕೂತಾಗ ಈ ಕಣ್ಣೀರಿನ ಸ್ವಾರಸ್ಯ ಉತ್ತರಪತ್ರಿಕೆಗಳಲ್ಲಿ ಒಂದೇ ಅಚ್ಚಿನಲ್ಲಿ ಎದ್ದುಬಂದಂತೆ ಬಂದಿತ್ತು. ತಾಯಿಯ ನೆನಪಾಗಿ ಅತ್ತ. ಸೂತಪುತ್ರನೆಂಬ ಅವಮಾನ ನೆನೆದು ಅತ್ತ. ಕೆಳಗೆ ನಮ್ಮ ಕಾಲದ ಅದೇ ಬಾಲ: ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ. ಬಂಡಲಿನ ನಡುವೆ ಒಂದು ಪತ್ರಿಕೆ ಮಾತ್ರ ಬೇರೆಯಾಗಿತ್ತು. ಒತ್ತಕ್ಷರ ತಪ್ಪು, ಅಲ್ಪಪ್ರಾಣ ಮಹಾಪ್ರಾಣ ಅದಲು ಬದಲು. ಆದರೂ ಬರೆದದ್ದು ಇಷ್ಟು: ಕರ್ಣ ಅತ್ತದ್ದು ದುರ್ಯೋಧನನಿಗಾಗಿ, ಯಾಕೆಂದರೆ ಕುರುಪತಿಗೆ ಕೇಡಾಯಿತಲ್ಲ ಎಂದು ಅವನು ಮನಸ್ಸಿನಲ್ಲಿ ಅಂದುಕೊಂಡ ಮಾತು ಅದೇ ಪದ್ಯದಲ್ಲಿದೆ.

ಪೂರ್ತಿ ಅಂಕ ಕೊಟ್ಟೆ. ಮರುಪರಿಶೀಲನೆಗೆ ಬಂದ ಹಿರಿಯರು, ಇಷ್ಟು ತಪ್ಪಿರುವ ಉತ್ತರಕ್ಕೆ ಯಾವ ಲೆಕ್ಕದಲ್ಲಿ ಕೊಟ್ಟಿರಿ ಎಂದು ಕೇಳಿದರು. ಕೀ ಉತ್ತರದಲ್ಲಿ ಈ ಮಾತು ಇರಲಿಲ್ಲ. ಪಠ್ಯಪುಸ್ತಕ ತೆಗೆದು ಪದ್ಯದ ಮೇಲೆ ಬೆರಳಿಟ್ಟೆ. ಅವರು ಎರಡು ಸಲ ಓದಿಕೊಂಡು, “ಸರಿ ಇದೆ ಕಣ್ರೀ” ಎಂದು ಸಹಿ ಹಾಕಿ ಮುಂದಿನ ಬಂಡಲಿಗೆ ಹೋದರು. ಆ ಮಗು ಯಾರು, ಯಾವ ಊರಿನದು ಎಂದು ತಿಳಿಯುವಂತಿಲ್ಲ, ಪತ್ರಿಕೆಯ ಮೇಲೆ ಹೆಸರಿರುವುದಿಲ್ಲ. ಅದಕ್ಕೆ ಪಾಠ ಮಾಡಿದ ಮೇಷ್ಟ್ರಿಗೊಂದು ನಮಸ್ಕಾರ ಹೇಳಬೇಕೆಂದು ಆಸೆಯಾಗಿತ್ತು.

ಕೊನೆಗೆ ನಮ್ಮ ಸೀಮೆಯದೇ ಒಂದು ವಿಚಾರ. ನವೆಂಬರ್ ಬಂದರೆ ವೇದಿಕೆ ವೇದಿಕೆಯಲ್ಲೂ ಒಂದು ಮಾತು ಕೇಳುತ್ತೇವೆ: ‘ರಾಷ್ಟ್ರಪತಿ’ ಎಂಬ ಪದವನ್ನು ದೇಶಕ್ಕೆ ಕೊಟ್ಟವರು ನಮ್ಮ ತೀ.ನಂ.ಶ್ರೀ. ಚಪ್ಪಾಳೆ ಬೀಳುತ್ತದೆ. ನಾನೂ ತಟ್ಟಿದ್ದೇನೆ, ಊರ ಅ‌ಭಿಮಾನ ಯಾರಿಗಿಲ್ಲ? ನಿವೃತ್ತರಾಗಿದ್ದ ಮೇಷ್ಟ್ರನ್ನು ಒಮ್ಮೆ ಅಂಥ ಸಭೆಯ ಅಧ್ಯಕ್ಷತೆಗೆ ಕರೆದಿದ್ದರು. ಭಾಷಣಕಾರರು ಕೂತ ಮೇಲೆ ಮೇಷ್ಟ್ರು ಮೈಕಿನ ಮುಂದೆ ನಿಂತು, ತೀ.ನಂ.ಶ್ರೀ. ಮೇಲೆ ತಮಗೆ ಎಷ್ಟು ಗೌರವವಿದೆ ಎಂದು ಮೊದಲು ಹೇಳಿದರು. ಆಮೇಲೆ ಇನ್ನೊಂದು ಸಂಗತಿ ಎತ್ತಿದರು. 1937ರ ನವೆಂಬರಿನಲ್ಲಿ ಕಲ್ಕತ್ತೆಯ ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ಚಾಣಕ್ಯ ಎಂಬ ಹೆಸರಿನಲ್ಲಿ ಒಂದು ಲೇಖನ ಬಂತು. ಬರೆದವರು ಜವಾಹರಲಾಲ್ ನೆಹರೂ, ಬರೆದದ್ದು ತಮ್ಮ ಮೇಲೆಯೇ, ಜನ ತಮ್ಮನ್ನು ಹೀಗೇ ಹೊಗಳುತ್ತ ಹೋದರೆ ತಾವೊಬ್ಬ ಸರ್ವಾಧಿಕಾರಿಯಾಗಿಬಿಡಬಹುದು ಎಂಬ ಎಚ್ಚರಿಕೆ. ಆ ಲೇಖನದ ತಲೆಬರಹವೇ ‘ರಾಷ್ಟ್ರಪತಿ’. ಕಾಂಗ್ರೆಸ್ ಅಧ್ಯಕ್ಷರನ್ನು ಆ ಕಾಲದಲ್ಲಿ ಹಾಗೆ ಕರೆಯುತ್ತಿದ್ದರು. ಸಂವಿಧಾನ ಜಾರಿಗೆ ಬಂದದ್ದು 1950ರಲ್ಲಿ.

ಸಭೆ ಗುಸುಗುಸು ಎಂದಿತು. ಮೇಷ್ಟ್ರು ಕೈ ಎತ್ತಿ ಮುಂದುವರಿಸಿದರು. ಇದರಿಂದ ಏನು ಗೊತ್ತಾಗುತ್ತದೆ? ಪದ 1937ರಲ್ಲೇ ಚಲಾವಣೆಯಲ್ಲಿತ್ತು ಎಂಬುದಷ್ಟೇ. ಹೊಸ ಹುದ್ದೆಗೆ ಈ ಹಳೆಯ ಪದವನ್ನೇ ಇಡಿ ಎಂದು ತೀ.ನಂ.ಶ್ರೀ. ಹೇಳಿರಲಿಕ್ಕಿಲ್ಲ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಆದರೆ ‘ಹುಟ್ಟಿಸಿದರು’ ಎಂದು ಇನ್ನು ಹೇಳಬೇಡಿ. ‘ಸೂಚಿಸಿದರು’ ಎನ್ನುವವರು ಅದಿರುವ ಕಾಗದಪತ್ರದ ಪುಟ ತೋರಿಸಿ ಹೇಳಿ. ಹಿಂದಿನ ಸಾಲಿನಲ್ಲಿ ಕೂತಿದ್ದ ಅವರ ಹಳೆಯ ಶಿಷ್ಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ತರೋತನಕ’ ನಮಗೆ ಕೇಳಿಸಿತ್ತು.

ಸಂಘಟಕರಿಗೆ ಇದು ರುಚಿಸಲಿಲ್ಲ, ಮುಂದಿನ ವರ್ಷ ಅವರನ್ನು ಕರೆಯಲೂ ಇಲ್ಲ. ಭಾಷಣದ ಆ ಸಾಲು ಈಗಲೂ ಹಾಗೇ ನಡೆದುಬರುತ್ತಿದೆ. ವೇದಿಕೆ ಹತ್ತುವವರಲ್ಲಿ ನನ್ನದೊಂದು ವಿನಂತಿ. ತೀರ್ಥಪುರದ ಹಿರಿಮೆ ಒಂದು ಪದದ ಮೇಲೆ ನಿಂತಿಲ್ಲ. ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಅಚ್ಚಾದ ಪುಸ್ತಕ, ಲೈಬ್ರರಿಗಳಲ್ಲಿ ಸಿಗುತ್ತದೆ. ಅದರಲ್ಲಿ ಧ್ವನಿಯ ವಿಚಾರ ಬರುವ ಭಾಗವನ್ನಾದರೂ ಒಮ್ಮೆ ಓದಿ, ಪುಟಸಂಖ್ಯೆ ಹೇಳಿ ಹೊಗಳಿ.